ಅನಂತ ಗಣಗಳಿಗೆ ವೆನ್ ಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮೊದಲ ವರ್ಷದ ಗಣಿತದಲ್ಲಿ ಮೊದಲ ಪಾಠವೇ ಗಣಗಳು. ಗಣ ಅಂದರೆ ಯಾರು ಒಳಗೆ, ಯಾರು ಹೊರಗೆ ಅಂತ ಖಚಿತವಾಗಿ ಹೇಳಬಹುದಾದ ಗುಂಪು. ಅಂಥ ಗುಂಪುಗಳನ್ನು ವೃತ್ತಗಳಿಂದ ತೋರಿಸುವುದೇ ವೆನ್ ಚಿತ್ರ. ಹುಬ್ಬಳ್ಳಿ, ಧಾರವಾಡದ ಮಕ್ಕಳಿಗೆ ಈ ಪಾಠ ಹೇಳಿಕೊಡುವಾಗ ವೆನ್ ಚಿತ್ರದ ಮೊದಲ ಲೆಕ್ಕಗಳು ಸಲೀಸಾಗಿ ಮುಗಿಯುತ್ತವೆ. ಕ್ರಿಕೆಟ್ ಆಡುವವರು ಇಷ್ಟು, ಕಬಡ್ಡಿ ಆಡುವವರು ಇಷ್ಟು, ಎರಡೂ ಆಡುವವರು ಇಷ್ಟು. "ಈಗ ಎಲ್ಲ ಸರಿಸಂಖ್ಯೆಗಳ ಗಣಕ್ಕೆ ಚಿತ್ರ ಬರೆಯಿರಿ" ಅಂದ ಕೂಡಲೇ ಪೆನ್ಸಿಲ್ ನಿಲ್ಲುತ್ತದೆ. ಆ ಹಿಂಜರಿಕೆಯೊಳಗೆ ತುಂಬಾ ಒಳ್ಳೆಯ ಪ್ರಶ್ನೆಗಳಿವೆ. ಮಕ್ಕಳು, ಬಿ.ಎಡ್ ಓದುತ್ತಿರುವವರು, ಹೈಸ್ಕೂಲ್ ಶಿಕ್ಷಕರು ಕೇಳಿದ್ದನ್ನು ಇಲ್ಲಿ ಒಂದೆಡೆ ಸೇರಿಸಿ ಉತ್ತರ ಬರೆದಿದ್ದೇನೆ. ಪಠ್ಯದಲ್ಲಿ ಅಪರಿಮಿತ ಗಣ ಅಂತ ಓದಿದ್ದರೆ ಗೊಂದಲ ಬೇಡ, ಇಲ್ಲಿ ಅನಂತ ಗಣ ಅನ್ನುವುದು ಅದನ್ನೇ.

ಅನಂತ ಅಂದ್ರ ಮುಗಿಯೋದಿಲ್ಲ. ಮತ್ತ ಅದು ಒಂದು ವೃತ್ತದಾಗ ಹೆಂಗ ಹಿಡೀತದರೀ?

ಹಿಡಿಯುತ್ತದೆ. ಹೊಲದ ಬದುವನ್ನು ನೆನಪಿಸಿಕೊಳ್ಳಿ. ಬದು ನೋಡಿದರೆ ಈ ಕಡೆ ಯಾರ ಹೊಲ, ಆ ಕಡೆ ಯಾರ ಹೊಲ ಅಂತ ಗೊತ್ತಾಗುತ್ತದೆ. ಒಳಗೆ ಎಷ್ಟು ಕಾಳು ಬೆಳೆದಿದೆ ಅಂತ ಬದು ಹೇಳುವುದಿಲ್ಲ. ವೆನ್ ಚಿತ್ರದ ಗೆರೆಯ ಕೆಲಸವೂ ಅಷ್ಟೇ.

ಒಂದು ಸಂಖ್ಯೆ ತೆಗೆದುಕೊಳ್ಳಿ. ಅದು ಒಳಗೋ ಹೊರಗೋ ಅಂತ ಕೇಳಿ. 48 ಸರಿಸಂಖ್ಯೆ, ಒಳಗೆ. 51 ಬೆಸಸಂಖ್ಯೆ, ಹೊರಗೆ. ಹತ್ತು ಲಕ್ಷ? ಒಳಗೆ. ಯಾವ ಸಂಖ್ಯೆ ಕೊಟ್ಟರೂ ಹೀಗೆ ತಕ್ಷಣ ಉತ್ತರ ಸಿಗುತ್ತದೆ ಅಂದರೆ ಚಿತ್ರ ತನ್ನ ಕೆಲಸ ಪೂರ್ತಿ ಮಾಡಿದೆ. ಎಲ್ಲ ಸರಿಸಂಖ್ಯೆಗಳನ್ನೂ ತಂದು ಒಳಗೆ ಕೂರಿಸುವ ಅಗತ್ಯ ಇಲ್ಲ.

ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ. ಯಾರು ಎಲ್ಲಿ ಸೇರುತ್ತಾರೆ ಅನ್ನುವುದನ್ನು ವೆನ್ ಚಿತ್ರ ತೋರಿಸುತ್ತದೆ. ಎಷ್ಟು ಮಂದಿ ಇದ್ದಾರೆ ಅನ್ನುವುದನ್ನು ತೋರಿಸುವುದಿಲ್ಲ. ಮೊದಲನೆಯದನ್ನು ಕೇಳಿದರೆ ಚಿತ್ರ ಎಂದೂ ಕೈಕೊಡುವುದಿಲ್ಲ. ಎರಡನೆಯದನ್ನು ಕೇಳಿದಾಗಲೇ ತಾಪತ್ರಯ ಶುರು.

ವೃತ್ತದೊಳಗೆ ಸಂಖ್ಯೆಗಳನ್ನು ಬರೆಯಬೇಕಾ? ಬರೆದರೆ ಎಲ್ಲಿಗೆ ನಿಲ್ಲಿಸಬೇಕು?

ಬರೆಯಲೇಬೇಕು ಅಂತ ಇಲ್ಲ. ವೃತ್ತದ ಪಕ್ಕ ಗಣದ ಹೆಸರು, ಅದರ ನಿಯಮ ಬರೆದರೆ ಸಾಕು. ಆದರೆ ಕಲಿಯುವಾಗ ಕೆಲವು ಸಂಖ್ಯೆ ಬರೆದು ಮೂರು ಚುಕ್ಕಿ ಇಡುವುದು ಒಳ್ಳೆಯ ಅಭ್ಯಾಸ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ವಿಶ್ವಗಣ ಸ್ವಾಭಾವಿಕ ಸಂಖ್ಯೆಗಳು. (ವಿಶ್ವಗಣ ಅಂದರೆ ನಾವು ಲೆಕ್ಕಕ್ಕೆ ತೆಗೆದುಕೊಂಡ ಎಲ್ಲ ಸದಸ್ಯರ ಗಣ, ಸ್ವಾಭಾವಿಕ ಸಂಖ್ಯೆಗಳು ಅಂದರೆ 1, 2, 3, ….) ಎ ಅಂದರೆ 2ರ ಅಪವರ್ತ್ಯಗಳು, ಬಿ ಅಂದರೆ 3ರ ಅಪವರ್ತ್ಯಗಳು. ಒಂದರ ಮೇಲೊಂದು ಹಾಯುವ ಎರಡು ವೃತ್ತ ಎಳೆದು, ಸುತ್ತ ಒಂದು ಆಯತ ಹಾಕಿ. ಈಗ ಹಾಳೆಯಲ್ಲಿ ನಾಲ್ಕು ಭಾಗ ಆಯಿತು. 1ರಿಂದ ಶುರು ಮಾಡಿ ಒಂದೊಂದೇ ಸಂಖ್ಯೆಯನ್ನು ಅದರ ಜಾಗಕ್ಕೆ ಕಳಿಸಿ. ಎಡಭಾಗದಲ್ಲಿ 2, 4, 8, 10, 14, … ಬರುತ್ತವೆ. ನಡುವೆ 6, 12, 18, …. ಬಲಭಾಗದಲ್ಲಿ 3, 9, 15, 21, …. ಎರಡೂ ವೃತ್ತದ ಹೊರಗೆ, ಆಯತದೊಳಗೆ 1, 5, 7, 11, 13, ….

ಇಲ್ಲಿ ಮೂರು ಕಡೆ ಮಕ್ಕಳು ಎಡವುತ್ತಾರೆ. ಒಂದು, 6ನ್ನು ಎಡಭಾಗದಲ್ಲೂ ನಡುವೆಯೂ ಬರೆಯುತ್ತಾರೆ. ಒಂದು ಸಂಖ್ಯೆಗೆ ಒಂದೇ ಜಾಗ. ಎರಡು, ಮೂರು ಚುಕ್ಕಿಯನ್ನು ಒಂದೇ ಕಡೆ ಇಟ್ಟು ಸುಮ್ಮನಾಗುತ್ತಾರೆ. ನಾಲ್ಕೂ ಭಾಗಗಳು ಮುಗಿಯದವೇ, ಹಾಗಾಗಿ ನಾಲ್ಕಕ್ಕೂ ಬೇರೆ ಬೇರೆ ಚುಕ್ಕಿ ಬೇಕು. ಹೊರಗಿನ ಭಾಗವನ್ನಂತೂ ಮರೆತೇಬಿಡುತ್ತಾರೆ. ಮೂರನೆಯದು ಸೂಕ್ಷ್ಮ. ಎಡಭಾಗದಲ್ಲಿ 2, 4, 8, … ಅಂತ ಮೂರೇ ಬರೆದು ನಿಲ್ಲಿಸಿದರೆ ಓದುವವರು ಮುಂದಿನದು 16 ಅಂದುಕೊಳ್ಳುತ್ತಾರೆ. 2ರ ಘಾತಗಳ ಪಟ್ಟಿ ಅಂತ ತಿಳಿಯುತ್ತಾರೆ. ಮುಂದಿನದು 10. ಆದ್ದರಿಂದ ಚುಕ್ಕಿಯನ್ನು ಮಾತ್ರ ನಂಬಬೇಡಿ. ಪಕ್ಕದಲ್ಲಿ ನಿಯಮವನ್ನೂ ಬರೆಯಿರಿ: "2ರಿಂದ ಭಾಗವಾಗುವ, 3ರಿಂದ ಭಾಗವಾಗದ ಸಂಖ್ಯೆಗಳು." ಅನಂತ ಗಣವನ್ನು ನಿಜವಾಗಿ ಹಿಡಿದಿಡುವುದು ಈ ನಿಯಮವೇ. ಬರೆದ ನಾಲ್ಕಾರು ಸಂಖ್ಯೆಗಳು ಬರೀ ಮಾದರಿ.

ಅನಂತ ಗಣದ ವೃತ್ತವನ್ನು ದೊಡ್ಡದಾಗಿ ಎಳೆಯಬೇಕಾ?

ಬೇಡ. ಗಾತ್ರಕ್ಕೆ ಅರ್ಥವಿಲ್ಲ. ಆಕಾರಕ್ಕೂ ಇಲ್ಲ. ಮೊಟ್ಟೆಯಾಕಾರ, ಚೌಕ ಯಾವುದಾದರೂ ನಡೆಯುತ್ತದೆ. ಮೂರೇ ಸದಸ್ಯರಿರುವ ಗಣವನ್ನು ಅಂಗೈಯಗಲ ಎಳೆದು, ಅನಂತ ಗಣವನ್ನು ಬಟಾಣಿ ಕಾಳಿನಷ್ಟು ಎಳೆದರೂ ಚಿತ್ರ ತಪ್ಪಲ್ಲ. ಹೆಸರು ಬರೆಯಲು ಜಾಗ ಸಿಗುವಷ್ಟು ಇದ್ದರೆ ಆಯಿತು.

ಸರಿಸಂಖ್ಯೆಗಳ ವೃತ್ತ ಸ್ವಾಭಾವಿಕ ಸಂಖ್ಯೆಗಳ ವೃತ್ತದೊಳಗೆ ಇದೆ. ಹಾಗಾದರೆ ಸರಿಸಂಖ್ಯೆಗಳು ಕಡಿಮೆ ಅಲ್ವಾ?

ಈ ಪಾಠದಲ್ಲಿ ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಕಣ್ಣಿಗೆ ಕಾಣುವುದು ಹಾಗೇ. ಒಳಗಿನ ವೃತ್ತ ಸಣ್ಣದು, ಹೊರಗಿನದು ದೊಡ್ಡದು. ಒಳಗಿನದರ ಹೊರಗೆ 1, 3, 5, … ಇನ್ನೂ ಉಳಿದಿವೆ. ಕಡಿಮೆ ಅನ್ನಿಸದೆ ಇರುತ್ತದೆಯೇ?

ಮೊದಲು "ಅಷ್ಟೇ ಇವೆ" ಅಂದರೆ ಏನು ಅಂತ ಕೇಳಿಕೊಳ್ಳೋಣ. ಎರಡು ಗುಂಪು ಸಮ ಇವೆಯೇ ಅಂತ ಎಣಿಸದೆಯೂ ಹೇಳಬಹುದು. ಈ ಗುಂಪಿನ ಒಬ್ಬರಿಗೆ ಆ ಗುಂಪಿನ ಒಬ್ಬರನ್ನು ಜೋಡಿ ಮಾಡುತ್ತ ಹೋಗಬೇಕು. ಎರಡೂ ಕಡೆ ಯಾರೂ ಒಂಟಿಯಾಗಿ ಉಳಿಯದಿದ್ದರೆ ಗುಂಪುಗಳು ಸಮ. ಈಗ 1ಕ್ಕೆ 2, 2ಕ್ಕೆ 4, 3ಕ್ಕೆ 6, 4ಕ್ಕೆ 8 ಅಂತ ಜೋಡಿ ಮಾಡಿ. ಎಡಗಡೆ ಯಾವ ಸಂಖ್ಯೆ ಕೇಳಿದರೂ ಅದರ ಎರಡರಷ್ಟು ಬಲಗಡೆ ಇದೆ. ಬಲಗಡೆ ಯಾವ ಸರಿಸಂಖ್ಯೆ ಕೇಳಿದರೂ ಅದರ ಅರ್ಧ ಎಡಗಡೆ ಇದೆ. 500 ಕೇಳಿದಿರಾ? 250ರ ಜೋಡಿ. ಯಾರೂ ಒಂಟಿ ಉಳಿಯಲಿಲ್ಲ. ಅಂದರೆ ಸರಿಸಂಖ್ಯೆಗಳು ಸ್ವಾಭಾವಿಕ ಸಂಖ್ಯೆಗಳಷ್ಟೇ ಇವೆ.

ಇದೇ ವಿಚಿತ್ರವನ್ನು ಗೆಲಿಲಿಯೊ 1638ರಲ್ಲಿ ವರ್ಗಸಂಖ್ಯೆಗಳ ಉದಾಹರಣೆಯಿಂದ ತೋರಿಸಿದ್ದ. 1ಕ್ಕೆ 1, 2ಕ್ಕೆ 4, 3ಕ್ಕೆ 9 ಅಂತ ಜೋಡಿ ಮಾಡಿದರೆ ವರ್ಗಗಳೂ ಸಂಖ್ಯೆಗಳಷ್ಟೇ ಆಗುತ್ತವೆ. ಹೆಚ್ಚು, ಕಡಿಮೆ, ಸಮ ಅನ್ನುವ ಮಾತುಗಳು ಅನಂತಕ್ಕೆ ಹೊಂದುವುದಿಲ್ಲ ಅಂತ ಅವನು ಅಲ್ಲಿಗೇ ಬಿಟ್ಟ. ಸುಮಾರು 240 ವರ್ಷ ಕಳೆದ ಮೇಲೆ ಜರ್ಮನಿಯ ಗೇಯಾರ್ಗ್ ಕ್ಯಾಂಟರ್ ಅದೇ ಜೋಡಿ ಮಾಡುವ ವಿಧಾನವನ್ನು ಗಟ್ಟಿಯಾಗಿ ಹಿಡಿದು, ಅನಂತಗಳನ್ನು ಅಳೆಯುವ ಗಣಿತವನ್ನೇ ಕಟ್ಟಿದ.

ಹಾಗಾದರೆ ವೆನ್ ಚಿತ್ರ ಸುಳ್ಳು ಹೇಳಿತೇ? ಇಲ್ಲ. "ಎಲ್ಲ ಸರಿಸಂಖ್ಯೆಗಳೂ ಸ್ವಾಭಾವಿಕ ಸಂಖ್ಯೆಗಳೇ, ಆದರೆ ಎಲ್ಲ ಸ್ವಾಭಾವಿಕ ಸಂಖ್ಯೆಗಳೂ ಸರಿಸಂಖ್ಯೆಗಳಲ್ಲ" ಅಂತ ಮಾತ್ರ ಅದು ಹೇಳಿತು. ಅದು ನಿಜ. "ಕಡಿಮೆ" ಅನ್ನುವುದನ್ನು ಸೇರಿಸಿದ್ದು ನಮ್ಮ ಕಣ್ಣು. ಪರಿಮಿತ ಗಣಗಳಲ್ಲಿ ಒಳಗಿನದು ಯಾವಾಗಲೂ ಕಡಿಮೆಯೇ ಇರುತ್ತದೆ. ಆ ರೂಢಿಯನ್ನೇ ನಾವು ಇಲ್ಲಿಗೂ ತರುತ್ತೇವೆ. ತನ್ನದೇ ಒಂದು ಭಾಗಕ್ಕೆ ಸಮ ಇರುವುದು ಅನಂತ ಗಣದ ಹುಟ್ಟುಗುಣ.

ಎರಡು ಗಣಗಳ ಸಂಯೋಗದಲ್ಲಿ ಎಷ್ಟು ಸದಸ್ಯರು ಅಂತ ತೆಗೆಯುವ ಸೂತ್ರ ಇಲ್ಲಿ ನಡೆಯುತ್ತದಾ?

ನೇರವಾಗಿ ನಡೆಯುವುದಿಲ್ಲ. ಸಂಯೋಗ ಅಂದರೆ ಎರಡರಲ್ಲಿ ಒಂದರಲ್ಲಾದರೂ ಇರುವವರೆಲ್ಲರ ಗಣ. ಮೊದಲು ಸೂತ್ರ ನಡೆಯುವ ಕಡೆ ನೋಡೋಣ. ಒಂದು ತರಗತಿಯಲ್ಲಿ 60 ಮಕ್ಕಳು. 35 ಮಂದಿ ಚಿಗರಿ ಬಸ್ಸಿನಲ್ಲಿ ಬರುತ್ತಾರೆ. 30 ಮಂದಿ ಊಟದ ಡಬ್ಬಿ ತರುತ್ತಾರೆ. 15 ಮಂದಿಯದು ಎರಡೂ ಹೌದು. ಕೂಡಿಸಿದರೆ 65, ಎರಡು ಸಲ ಎಣಿಸಿದ 15 ಕಳೆದರೆ 50. ಉಳಿದ 10 ಮಂದಿ ಬಸ್ಸಿಗೂ ಇಲ್ಲ, ಡಬ್ಬಿಗೂ ಇಲ್ಲ. ಇದು ಚೊಕ್ಕ ಲೆಕ್ಕ.

ಈಗ 2ರ ಅಪವರ್ತ್ಯಗಳು ಮತ್ತು 3ರ ಅಪವರ್ತ್ಯಗಳು. ಅನಂತ ಕೂಡಿಸು ಅನಂತ, ಅದರಲ್ಲಿ ಕಳೆ ಅನಂತ. ಈ "ಕಳೆ" ಅನ್ನುವಲ್ಲೇ ಎಡವಟ್ಟು. ಸ್ವಾಭಾವಿಕ ಸಂಖ್ಯೆಗಳಿಂದ ಸರಿಸಂಖ್ಯೆಗಳನ್ನು ತೆಗೆದರೆ ಬೆಸಸಂಖ್ಯೆಗಳು ಉಳಿಯುತ್ತವೆ, ಅದು ಅನಂತ. ಅದೇ ಸ್ವಾಭಾವಿಕ ಸಂಖ್ಯೆಗಳಿಂದ 10ಕ್ಕಿಂತ ದೊಡ್ಡ ಸಂಖ್ಯೆಗಳನ್ನೆಲ್ಲ ತೆಗೆದರೆ ಉಳಿಯುವುದು ಹತ್ತೇ. ಎಲ್ಲವನ್ನೂ ತೆಗೆದರೆ ಏನೂ ಉಳಿಯುವುದಿಲ್ಲ. ಮೂರು ಸಲವೂ ಅನಂತದಿಂದ ಅನಂತ ತೆಗೆದೆವು. ಒಮ್ಮೆ ಅನಂತ, ಒಮ್ಮೆ 10, ಒಮ್ಮೆ 0. ಒಂದೇ ಪ್ರಶ್ನೆಗೆ ಮೂರು ಉತ್ತರ ಬರುವ ಲೆಕ್ಕ ಲೆಕ್ಕವೇ ಅಲ್ಲ. ಅದಕ್ಕೇ ಅನಂತದಿಂದ ಅನಂತ ಕಳೆಯುವುದಕ್ಕೆ ಗಣಿತದಲ್ಲಿ ಬೆಲೆ ಕೊಟ್ಟಿಲ್ಲ.

ಆದರೂ ಒಂದು ದಾರಿ ಇದೆ. ಒಂದು ಗಡಿ ಹಾಕಿಕೊಳ್ಳಿ. 60ರವರೆಗೆ ಮಾತ್ರ ನೋಡಿದರೆ 2ರ ಅಪವರ್ತ್ಯ 30, 3ರದು 20, ಎರಡರದೂ ಅಂದರೆ 6ರದು 10. ಸಂಯೋಗದಲ್ಲಿ 40. ಗಡಿಯನ್ನು 6000ಕ್ಕೆ ಏರಿಸಿ. 3000, 2000, 1000. ಸಂಯೋಗದಲ್ಲಿ 4000. ಗಡಿ ಎಷ್ಟೇ ದೂರ ಹೋದರೂ ಮೂರರಲ್ಲಿ ಎರಡು ಪಾಲು ಸಂಖ್ಯೆಗಳು ಈ ಎರಡು ವೃತ್ತಗಳಲ್ಲಿ ಎಲ್ಲೋ ಒಂದು ಕಡೆ ಸೇರುತ್ತವೆ, ಒಂದು ಪಾಲು ಹೊರಗಿರುತ್ತದೆ. ಈ ಪಾಲಿಗೆ ಸಾಂದ್ರತೆ ಅನ್ನುತ್ತಾರೆ. ಅರ್ಧ ಕೂಡಿಸು ಮೂರನೇ ಒಂದು ಕಳೆ ಆರನೇ ಒಂದು ಅಂದರೆ ಮೂರನೇ ಎರಡು. ಸಾಂದ್ರತೆಗೆ ನಮ್ಮ ಹಳೆಯ ಸೂತ್ರ ಸೊಗಸಾಗಿ ಹೊಂದುತ್ತದೆ. ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲಿ ಒಮ್ಮೆಯಾದರೂ ಬೋರ್ಡಿನ ಮೇಲೆ ಮಾಡಿ ತೋರಿಸಬೇಕು ಅಂತ ನನ್ನ ಆಸೆ.

ಎರಡು ಅನಂತ ಗಣಗಳ ಛೇದನವೂ ಅನಂತವೇ ಇರಬೇಕಾ?

ಏನು ಬೇಕಾದರೂ ಆಗಬಹುದು. ಛೇದನ ಅಂದರೆ ಎರಡರಲ್ಲೂ ಇರುವವರ ಗಣ, ಚಿತ್ರದ ನಡುವಿನ ಭಾಗ. 4ರ ಅಪವರ್ತ್ಯ ಮತ್ತು 6ರ ಅಪವರ್ತ್ಯ ತೆಗೆದುಕೊಂಡರೆ ನಡುವೆ 12, 24, 36, … ಅಂದರೆ ಅನಂತ. (24 ಅಂತ ಉತ್ತರ ಶುರು ಮಾಡುವವರು ಜಾಸ್ತಿ. ಇಲ್ಲಿ ಬೇಕಾದ್ದು ಲ.ಸಾ.ಅ., ಗುಣಲಬ್ಧವಲ್ಲ.) ಸರಿ ಮತ್ತು ಬೆಸ ತೆಗೆದುಕೊಂಡರೆ ನಡುವೆ ಯಾರೂ ಇಲ್ಲ. ಅವಿಭಾಜ್ಯ ಸಂಖ್ಯೆಗಳು ಮತ್ತು ಸರಿಸಂಖ್ಯೆಗಳು ತೆಗೆದುಕೊಂಡರೆ ನಡುವೆ 2 ಒಂದೇ. ಅವಿಭಾಜ್ಯಗಳು ಮುಗಿಯುವುದಿಲ್ಲ ಅಂತ ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿದ್ದಾನೆ. ಸರಿಸಂಖ್ಯೆಗಳೂ ಮುಗಿಯುವುದಿಲ್ಲ. ಆದರೂ ಎರಡೂ ಕಡೆ ಸೇರುವುದು ಒಂದೇ ಒಂದು.

ಚಿತ್ರದಲ್ಲಿ ಒಂದು ಭಾಗ ಇದೆ ಅಂದ ಮಾತ್ರಕ್ಕೆ ಅದರೊಳಗೆ ಯಾರೋ ಇದ್ದಾರೆ ಅಂತ ತಿಳಿಯಬಾರದು ಅನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಬೇರೆ ಇದೆ. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿಸಿದರೆ ತಾನೇ ಬರುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಅನ್ನುತ್ತಾರೆ. 6 ಅಂಥದ್ದು: 1, 2, 3 ಕೂಡಿಸಿದರೆ 6. ಆಮೇಲೆ 28, 496, 8128. ಈವರೆಗೆ ಸಿಕ್ಕಿದವೆಲ್ಲ ಸರಿಸಂಖ್ಯೆಗಳೇ. ಈಗ ಪರಿಪೂರ್ಣ ಸಂಖ್ಯೆಗಳಿಗೊಂದು ವೃತ್ತ, ಬೆಸಸಂಖ್ಯೆಗಳಿಗೊಂದು ವೃತ್ತ ಎಳೆಯಿರಿ. ನಡುವಿನ ಭಾಗದಲ್ಲಿ ಯಾರಾದರೂ ಇದ್ದಾರೆಯೇ? ಜಗತ್ತಿನ ಯಾವ ಗಣಿತಜ್ಞರಿಗೂ ಇನ್ನೂ ಗೊತ್ತಿಲ್ಲ. ಇದೆ ಅಂತಲೂ ಯಾರೂ ತೋರಿಸಿಲ್ಲ, ಇಲ್ಲ ಅಂತಲೂ ಸಾಧಿಸಿಲ್ಲ. ಆ ಭಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ. ಅದೇ ಸರಿಯಾದ ವೆನ್ ಚಿತ್ರ.

ಜಾನ್ ವೆನ್ ಅವರ ಪದ್ಧತಿಯೂ ಹೀಗೇ ಇತ್ತು. ಮೊದಲು ಸಾಧ್ಯವಿರುವ ಎಲ್ಲ ಭಾಗಗಳನ್ನೂ ಎಳೆಯುವುದು. ಖಾಲಿ ಅಂತ ಖಚಿತವಾದ ಭಾಗಕ್ಕೆ ಮಾತ್ರ ಗೀಟು ಹಾಕಿ ಮುಚ್ಚುವುದು. ಗೀಟು ಹಾಕದ ಭಾಗ ಅಂದರೆ "ಇಲ್ಲಿ ಇದ್ದಾರೆ" ಅಂತಲ್ಲ, "ಇರಬಹುದು" ಅಂತ.

ಡಿ ಮಾರ್ಗನ್ ನಿಯಮವನ್ನು ವೆನ್ ಚಿತ್ರದಿಂದ ತೋರಿಸಿದರೆ ಅದು ಅನಂತ ಗಣಗಳಿಗೂ ಸಾಧನೆ ಆಗುತ್ತದಾ?

ಆಗುತ್ತದೆ. ಧೈರ್ಯವಾಗಿ ಬಳಸಿ. ಪೂರಕ ಅಂದರೆ ವಿಶ್ವಗಣದಲ್ಲಿ ಆ ಗಣದ ಹೊರಗೆ ಉಳಿದವರು. ಸಂಯೋಗದ ಪೂರಕವೂ ಪೂರಕಗಳ ಛೇದನವೂ ಒಂದೇ ಅನ್ನುವುದು ಈ ನಿಯಮದ ಒಂದು ರೂಪ. ಎರಡು ಗಣ ಇದ್ದರೆ ಯಾವ ಸದಸ್ಯನಿಗೂ ನಾಲ್ಕೇ ಜಾಗ: ಎ ಮಾತ್ರ, ಬಿ ಮಾತ್ರ, ಎರಡೂ, ಯಾವುದೂ ಅಲ್ಲ. "ಎ ಮತ್ತು ಬಿ ಸಂಯೋಗದ ಪೂರಕ" ಅಂತ ನೆರಳು ಹಾಕಿದರೆ ಕೊನೆಯ ಜಾಗ ಬರುತ್ತದೆ. "ಎ ಪೂರಕ ಮತ್ತು ಬಿ ಪೂರಕದ ಛೇದನ" ಅಂತ ಹಾಕಿದರೂ ಅದೇ ಜಾಗ. ಒಬ್ಬ ಸದಸ್ಯ ಎಲ್ಲಿದ್ದಾನೆ ಅಂತ ಮಾತ್ರ ಇಲ್ಲಿ ನೋಡಿದೆವು. ಅಂಥವರು ಐದಿದ್ದಾರೋ ಅನಂತವೋ, ವಾದಕ್ಕೆ ಸಂಬಂಧವೇ ಇಲ್ಲ. ಮೂರು ಗಣಗಳಿಗೆ ಎಂಟು ಜಾಗ, ವಾದ ಅದೇ. ಆದರೆ ಚಿತ್ರವನ್ನು ಸಾಮಾನ್ಯ ರೀತಿಯಲ್ಲಿ ಎಳೆದಿರಬೇಕು, ಯಾವ ಭಾಗವನ್ನೂ ಬಿಟ್ಟಿರಬಾರದು. ಒಂದು ವೃತ್ತವನ್ನು ಇನ್ನೊಂದರ ಒಳಗೇ ಎಳೆದು ನಿಯಮ ತೋರಿಸಿದರೆ ಅದು ಆ ಒಂದು ಸಂದರ್ಭಕ್ಕೆ ಮಾತ್ರ ಸಾಧನೆ.

ವಿಶ್ವಗಣವನ್ನು ಬರೆಯಲೇಬೇಕಾ?

ಬರೆಯಿರಿ. ಬರೆಯದಿದ್ದರೆ ಪೂರಕ ಗಣ ಅನ್ನುವ ಮಾತಿಗೇ ಅರ್ಥವಿಲ್ಲ. ಸರಿಸಂಖ್ಯೆಗಳ ಪೂರಕ ಏನು? ಆಯತದ ಮೂಲೆಯಲ್ಲಿ ಸ್ವಾಭಾವಿಕ ಸಂಖ್ಯೆಗಳು ಅಂತಿದ್ದರೆ 1, 3, 5, …. ಪೂರ್ಣಾಂಕಗಳು ಅಂತಿದ್ದರೆ −1, −3 ಕೂಡ ಬರುತ್ತವೆ. ವಾಸ್ತವ ಸಂಖ್ಯೆಗಳು ಅಂತಿದ್ದರೆ ಅರ್ಧ, √2, π ಎಲ್ಲವೂ ಅಲ್ಲೇ. ಎಲ್ಲದಕ್ಕೂ ವೃತ್ತ ಅದೇ, ಆಯತ ಅದೇ. ಬದಲಾದದ್ದು ಮೂಲೆಯ ಒಂದು ಹೆಸರು.

ಭಾಗಲಬ್ಧ, ಅಭಾಗಲಬ್ಧ ಸಂಖ್ಯೆಗಳನ್ನು ಅಕ್ಕಪಕ್ಕ ಎರಡು ಭಾಗವಾಗಿ ಬರೆಯುವ ಚಿತ್ರ ಸರಿಯಾ?

ಸರಿ. ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದದ್ದು ಭಾಗಲಬ್ಧ, ಹಾಗೆ ಬರೆಯಲಾಗದ √2, π ಅಂಥವು ಅಭಾಗಲಬ್ಧ. ಸ್ವಾಭಾವಿಕ, ಪೂರ್ಣ, ಪೂರ್ಣಾಂಕ, ಭಾಗಲಬ್ಧ, ವಾಸ್ತವ ಅಂತ ಒಂದರೊಳಗೊಂದು ಬರೆಯುವುದೂ ಸರಿ. ಭಾಗಲಬ್ಧದ ಹೊರಗೆ, ವಾಸ್ತವದ ಒಳಗೆ ಉಳಿಯುವುದು ಅಭಾಗಲಬ್ಧ. ಸೇರುವಿಕೆಯ ಮಟ್ಟಿಗೆ ಈ ಚಿತ್ರಕ್ಕಿಂತ ಚೆನ್ನಾಗಿ ಯಾವ ಚಿತ್ರವೂ ಹೇಳಲಾರದು.

ಆದರೆ ಎರಡು ವಿಷಯ ಈ ಚಿತ್ರದಲ್ಲಿ ಕಾಣುವುದಿಲ್ಲ. ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು.

ಮೊದಲನೆಯದು, ಅವು ನಿಜವಾಗಿ ಬೇರೆ ಬೇರೆ ಕೋಣೆಯಲ್ಲಿಲ್ಲ. ಸಂಖ್ಯಾರೇಖೆಯ ಮೇಲೆ ಯಾವ ಎರಡು ಭಾಗಲಬ್ಧ ಸಂಖ್ಯೆ ತೆಗೆದುಕೊಂಡರೂ ನಡುವೆ ಅಭಾಗಲಬ್ಧ ಸಂಖ್ಯೆ ಇದೆ. ಯಾವ ಎರಡು ಅಭಾಗಲಬ್ಧ ತೆಗೆದುಕೊಂಡರೂ ನಡುವೆ ಭಾಗಲಬ್ಧ ಇದೆ. ಒಂದು ಕೂದಲೆಳೆಯಷ್ಟು ಜಾಗದಲ್ಲೂ ಎರಡೂ ಬೆರೆತುಕೊಂಡಿವೆ. ವೆನ್ ಚಿತ್ರಕ್ಕೆ ಹತ್ತಿರ, ದೂರ ಅನ್ನುವುದು ಗೊತ್ತಿಲ್ಲ.

ಎರಡನೆಯದು, ಅವು ಸಮಪಾಲಿನಲ್ಲಿ ಇಲ್ಲ. ಭಾಗಲಬ್ಧ ಸಂಖ್ಯೆಗಳನ್ನು ಒಂದನೆಯದು, ಎರಡನೆಯದು, ಮೂರನೆಯದು ಅಂತ ಸಾಲಾಗಿ ಪಟ್ಟಿ ಮಾಡಬಹುದು. ಎಲ್ಲ ವಾಸ್ತವ ಸಂಖ್ಯೆಗಳನ್ನು ಹಾಗೆ ಪಟ್ಟಿ ಮಾಡಲು ಆಗುವುದೇ ಇಲ್ಲ ಅಂತ ಕ್ಯಾಂಟರ್ 1874ರಲ್ಲಿ ಸಾಧಿಸಿದ. 1891ರಲ್ಲಿ ಅದಕ್ಕೆ ಇನ್ನೂ ಸರಳವಾದ ಕರ್ಣವಾದ ಕೊಟ್ಟ. ಪಟ್ಟಿಯ ಮೊದಲ ಸಂಖ್ಯೆಯ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಮೂರನೆಯದರ ಮೂರನೇ ಅಂಕಿ, ಹೀಗೆ ಓರೆಯಾಗಿ ಬದಲಿಸುತ್ತ ಹೋದರೆ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಹೊಸ ಸಂಖ್ಯೆ ಹುಟ್ಟುತ್ತದೆ. ಹೀಗೆ ಪಟ್ಟಿಗೆ ಸಿಗದಷ್ಟು ಇರುವುದು ಅಭಾಗಲಬ್ಧ ಸಂಖ್ಯೆಗಳೇ. ನೀವು ಹಾಳೆಯ ಮೇಲೆ ಭಾಗಲಬ್ಧಕ್ಕೆ ಮುಕ್ಕಾಲು ಜಾಗ ಕೊಟ್ಟಿದ್ದರೂ ಅವು ಪಟ್ಟಿಯಾಗುವ ಅನಂತ, ಮೂಲೆಯಲ್ಲಿ ಉಳಿದವು ಪಟ್ಟಿಯಾಗದ ಅನಂತ.

1ರಿಂದ 5ರವರೆಗಿನ ವಾಸ್ತವ ಸಂಖ್ಯೆಗಳು, 3ರಿಂದ 8ರವರೆಗಿನವು. ಇದಕ್ಕೂ ವೃತ್ತ ಎಳೆಯಲಾ?

ಎಳೆದರೆ ತಪ್ಪಿಲ್ಲ, ಆದರೆ ಸಂಖ್ಯಾರೇಖೆ ಎಳೆಯಿರಿ. ಛೇದನ 3ರಿಂದ 5 ಅಂತ ಕಣ್ಣಿಗೇ ಕಾಣುತ್ತದೆ. ತುದಿಯ ಸಂಖ್ಯೆ ಸೇರಿದೆಯೋ ಇಲ್ಲವೋ ಅಂತ ತುಂಬಿದ ಚುಕ್ಕಿ, ಖಾಲಿ ಚುಕ್ಕಿಯಿಂದ ತೋರಿಸಬಹುದು. ವೃತ್ತದಲ್ಲಿ ಅದು ಆಗುವುದಿಲ್ಲ.

ಗಣಗಳೇ ಅನಂತ ಇದ್ದರೆ? ಪ್ರತಿ ಗಣಕ್ಕೂ ಒಂದು ವೃತ್ತ ಎಳೆಯುತ್ತ ಹೋಗಬಹುದಾ?

ಗದಗಿನ ಒಬ್ಬ ಹೈಸ್ಕೂಲ್ ಶಿಕ್ಷಕರು ಕೇಳಿದ ಪ್ರಶ್ನೆ ಇದು. ಸದಸ್ಯರು ಅನಂತ ಇದ್ದರೆ ಚಿತ್ರಕ್ಕೆ ತೊಂದರೆ ಇಲ್ಲ ಅಂತ ಇಷ್ಟು ಹೊತ್ತು ಹೇಳಿದೆ. ಗಣಗಳ ಸಂಖ್ಯೆ ಏರಿದರೆ ಮಾತ್ರ ಚಿತ್ರಕ್ಕೆ ನಿಜವಾದ ಕಷ್ಟ.

ಅನಂತದವರೆಗೆ ಹೋಗುವುದೇ ಬೇಡ, ನಾಲ್ಕಕ್ಕೇ ವೃತ್ತ ಸೋಲುತ್ತದೆ. ನಾಲ್ಕು ಗಣಕ್ಕೆ 16 ಭಾಗ ಬೇಕು. ನಾಲ್ಕು ವೃತ್ತಗಳನ್ನು ಹೇಗೇ ಎಳೆದರೂ ಹೆಚ್ಚೆಂದರೆ 14 ಭಾಗ ಸಿಗುತ್ತವೆ. ಕೈವಾರ ಹಿಡಿದು ಪ್ರಯತ್ನಿಸಿ ನೋಡಿ, ಎರಡು ಭಾಗ ಎಲ್ಲೋ ತಪ್ಪಿಸಿಕೊಳ್ಳುತ್ತವೆ. ವೆನ್ ಅವರಿಗೆ ಇದು ಗೊತ್ತಿತ್ತು. ನಾಲ್ಕಕ್ಕೆ ಅವರು ದೀರ್ಘವೃತ್ತ ಬಳಸಿದರು. ಮುಂದೆ ಬ್ರಾಂಕೊ ಗ್ರುನ್‌ಬೌಮ್ 1975ರಲ್ಲಿ ಐದು ದೀರ್ಘವೃತ್ತಗಳಿಂದ 32 ಭಾಗಗಳ ಚಿತ್ರ ತೋರಿಸಿದರು. ಗೆರೆಯನ್ನು ಬೇಕಾದಂತೆ ಬಳುಕಿಸಲು ಒಪ್ಪಿದರೆ ಎಷ್ಟು ಗಣಕ್ಕಾದರೂ ಚಿತ್ರ ಎಳೆಯಬಹುದು, ಆದರೆ ಗಣಗಳ ಸಂಖ್ಯೆ ಪರಿಮಿತವಾಗಿರಬೇಕು.

ಗಣಗಳೇ ಕೊನೆಯಿಲ್ಲದಷ್ಟು ಇದ್ದರೆ ಯಾಕೆ ಆಗುವುದಿಲ್ಲ? ಒಂದು ಭಾಗ ಅಂದರೆ ಪ್ರತಿ ಗಣಕ್ಕೂ "ಒಳಗೆ" ಅಥವಾ "ಹೊರಗೆ" ಅನ್ನುವ ಒಂದು ಉತ್ತರ. ಗಣಗಳು ಅನಂತವಾದರೆ ಇಂಥ ಉತ್ತರಗಳ ಸರಣಿಯೂ ಮುಗಿಯದ್ದು. ಅಂಥ ಎಲ್ಲ ಸರಣಿಗಳನ್ನು ಪಟ್ಟಿ ಮಾಡಲಾಗುವುದಿಲ್ಲ ಅನ್ನುವುದೇ ಕ್ಯಾಂಟರನ ಕರ್ಣವಾದ. ಹಾಳೆಯ ಮೇಲೆ ಬೇರೆ ಬೇರೆಯಾಗಿ ಹರಡಿದ ಭಾಗಗಳನ್ನಾದರೆ ಪಟ್ಟಿ ಮಾಡಬಹುದು, ಯಾಕೆಂದರೆ ಪ್ರತಿ ಭಾಗದಲ್ಲೂ ಭಾಗಲಬ್ಧ ನಿರ್ದೇಶಾಂಕಗಳ ಒಂದು ಬಿಂದು ಸಿಗುತ್ತದೆ, ಅಂಥ ಬಿಂದುಗಳು ಪಟ್ಟಿಯಾಗುತ್ತವೆ. ಬೇಕಾದ ಭಾಗಗಳು ಪಟ್ಟಿಗೆ ಸಿಗದಷ್ಟು, ಹಾಳೆ ಕೊಡಬಲ್ಲದ್ದು ಪಟ್ಟಿಗೆ ಸಿಗುವಷ್ಟು ಮಾತ್ರ. ಹಾಳೆಯನ್ನು ಎಷ್ಟು ಅಗಲ ಮಾಡಿದರೂ ಈ ಕೊರತೆ ತುಂಬುವುದಿಲ್ಲ.

ಸರಿ, ಎಲ್ಲ ಭಾಗ ಬೇಡ, ಒಂದರೊಳಗೊಂದು ಇರುವ ಗಣಗಳನ್ನಾದರೂ ಎಳೆಯೋಣ ಅನ್ನಿ. ಮೊದಲ ಗಣ 1, 2, 3, …. ಎರಡನೆಯದು 2, 3, 4, …. ಮೂರನೆಯದು 3, 4, 5, …. ಹೀಗೆ ಮುಂದೆ. ವೃತ್ತದೊಳಗೆ ವೃತ್ತ, ಅದರೊಳಗೆ ವೃತ್ತ. ಚಿತ್ರ ನೋಡಿದವರು "ಎಲ್ಲ ವೃತ್ತಗಳ ನಟ್ಟನಡುವೆ ಏನೋ ಉಳಿಯುತ್ತದೆ" ಅನ್ನುತ್ತಾರೆ. ಹಾಳೆಯ ಮಟ್ಟಿಗೆ ಅದು ನಿಜ. ಗೆರೆಯೂ ಸೇರಿದ ವೃತ್ತಗಳನ್ನು ಒಂದರೊಳಗೊಂದು ಕೊನೆಯಿಲ್ಲದೆ ಎಳೆದರೂ ಎಲ್ಲಕ್ಕೂ ಸೇರಿದ ಒಂದು ಬಿಂದುವಾದರೂ ಇದ್ದೇ ಇರುತ್ತದೆ. ಗಣಗಳ ಮಟ್ಟಿಗೆ ಸುಳ್ಳು. 57 ಎಲ್ಲದರಲ್ಲೂ ಇದೆಯೇ? 58ನೆಯ ಗಣದಿಂದ ಅದು ಹೊರಬೀಳುತ್ತದೆ. ಒಂದು ಕೋಟಿ? ಅದರ ಮುಂದಿನ ಗಣದಲ್ಲಿ ಇಲ್ಲ. ಯಾವ ಸಂಖ್ಯೆಯೂ ಕೊನೆಯವರೆಗೆ ಉಳಿಯುವುದಿಲ್ಲ. ಎಲ್ಲ ಗಣಗಳ ಛೇದನ ಶೂನ್ಯಗಣ. ಯಾವ ಹತ್ತು ಗಣ, ಸಾವಿರ ಗಣ ತೆಗೆದುಕೊಂಡರೂ ಛೇದನ ಅನಂತ. ಎಲ್ಲವನ್ನೂ ತೆಗೆದುಕೊಂಡಾಗ ಖಾಲಿ. ಇಲ್ಲಿ ಚಿತ್ರವನ್ನು ಬದಿಗಿಟ್ಟು ನಿಯಮದಿಂದಲೇ ವಾದ ಮಾಡಬೇಕು.

ಈ ಚಿತ್ರಗಳನ್ನು ಮೊದಲು ತಂದವರು ಯಾರು? ಅನಂತದ ವಿಚಾರ ನಮ್ಮ ಕಡೆ ಇತ್ತಾ?

ವೃತ್ತಗಳಿಂದ ತರ್ಕ ತೋರಿಸುವ ರೂಢಿ ವೆನ್‌ಗಿಂತ ಹಳೆಯದು. ಸ್ವಿಟ್ಜರ್ಲೆಂಡ್ ಮೂಲದ ಗಣಿತಜ್ಞ ಆಯ್ಲರ್ ಒಬ್ಬ ಜರ್ಮನ್ ರಾಜಕುಮಾರಿಗೆ 1760ರ ದಶಕದ ಆರಂಭದಲ್ಲಿ ಬರೆದ ಪತ್ರಗಳಲ್ಲಿ ಅವು ಇವೆ. ಕೇಂಬ್ರಿಡ್ಜ್‌ನ ಜಾನ್ ವೆನ್ (1834–1923) ತಮ್ಮ ಪದ್ಧತಿಯನ್ನು 1880ರಲ್ಲಿ ಪ್ರಕಟಿಸಿದರು. ಅವರು ಕಲಿಸುತ್ತಿದ್ದ ಗಾನ್ವಿಲ್ ಅಂಡ್ ಕೀಸ್ ಕಾಲೇಜಿನ ಊಟದ ಹಾಲ್‌ನಲ್ಲಿ ಮೂರು ವೃತ್ತಗಳ ಬಣ್ಣದ ಗಾಜಿನ ಕಿಟಕಿ ಇದೆ. ಗಮನಿಸಬೇಕಾದ ಒಂದು ಮಾತು: ವೆನ್ ಈ ಚಿತ್ರಗಳನ್ನು ಮಾಡಿದ್ದು ತರ್ಕಕ್ಕೆ, ಎಣಿಕೆಗೆ ಅಲ್ಲ. ಎಣಿಕೆಯ ಲೆಕ್ಕಗಳು ಆಮೇಲೆ ಬಂದು ಸೇರಿದವು. ನಮ್ಮ ಮಕ್ಕಳು ಎಣಿಕೆಯಿಂದ ಶುರು ಮಾಡುವುದರಿಂದಲೇ ಅನಂತ ಬಂದಾಗ ತಡವರಿಸುತ್ತಾರೆ ಅಂತ ನನಗೆ ಅನ್ನಿಸುತ್ತದೆ.

ಅನಂತದ ವಿಚಾರ ನಮ್ಮಲ್ಲಿ ಬಹಳ ಹಳೆಯದು. ಜೈನ ಗ್ರಂಥಗಳು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಅಂತ ಮೂರು ಬಗೆಯಾಗಿ ವಿಂಗಡಿಸಿ, ಅವುಗಳೊಳಗೂ ಮತ್ತೆ ಬಗೆಗಳನ್ನು ಹೇಳುತ್ತವೆ. ಗದಗ ಜಿಲ್ಲೆಯ ಲಕ್ಕುಂಡಿಗೆ ಹೋದರೆ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡುತ್ತೀರಲ್ಲ, ಆ ಪರಂಪರೆಯ ಶಾಸ್ತ್ರಗಳಲ್ಲೇ ಈ ವಿಂಗಡಣೆ ಇರುವುದು. ಕ್ಯಾಂಟರನ ಸಾಧನೆಯನ್ನು ಅದರಲ್ಲಿ ಹುಡುಕಬಾರದು, ವಿಧಾನ ಬೇರೆ. ಆದರೆ ಅನಂತ ಅಂದರೆ ಒಂದೇ ಅಲ್ಲ, ಅದರಲ್ಲೂ ಬಗೆಗಳಿರಬಹುದು ಅನ್ನುವ ಯೋಚನೆ ಅಲ್ಲಿದೆ. ಮಕ್ಕಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ನಾವೇ ಮಾಡಿ ನೋಡಲು ಒಂದು ಲೆಕ್ಕ ಕೊಡಿ.

ವಿಶ್ವಗಣ ಸ್ವಾಭಾವಿಕ ಸಂಖ್ಯೆಗಳು. ಮೂರು ವೃತ್ತ: ವರ್ಗಸಂಖ್ಯೆಗಳು, ಘನಸಂಖ್ಯೆಗಳು, ಸರಿಸಂಖ್ಯೆಗಳು. ಎಂಟು ಭಾಗಗಳಲ್ಲಿ ಯಾವುದಾದರೂ ಖಾಲಿ ಇದೆಯೇ? ಯಾವುದು ಪರಿಮಿತ, ಯಾವುದು ಅನಂತ? ಮೊದಲು 1ನ್ನು ಅದರ ಜಾಗದಲ್ಲಿ ಕೂರಿಸಿ, ಆಮೇಲೆ 64ನ್ನು. ವರ್ಗವೂ ಘನವೂ ಆಗಿರುವ ಸಂಖ್ಯೆಗಳು ಆರನೇ ಘಾತಗಳು ಅಂತ ಅಲ್ಲಿಂದಲೇ ಹೊಳೆಯುತ್ತದೆ: 1, 64, 729, 4096, …. ಇವುಗಳಲ್ಲಿ ಬೆಸ ಒಂದು ಭಾಗಕ್ಕೆ, ಸರಿ ಇನ್ನೊಂದು ಭಾಗಕ್ಕೆ ಹೋಗುತ್ತವೆ. ಉಳಿದ ಆರು ಭಾಗಗಳಿಗೆ ಎರಡೆರಡು ಸಂಖ್ಯೆ ಹುಡುಕಿ, ಪ್ರತಿಯೊಂದರ ಪಕ್ಕ ನಿಯಮವನ್ನು ಮಾತಿನಲ್ಲಿ ಬರೆಯಿರಿ. ಚುಕ್ಕಿ ಮರೆಯಬೇಡಿ.